ಮೊದಲು ಎಂಬ ಮಾತು

1951ರ ನವೆಂಬರ್ 22ರಂದು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ 12ನೇ ಪಯಸ್ ಪೋಪರು ಒಂದು ಭಾಷಣ ಮಾಡಿದರು. ವಿಶ್ವ ಹಿಗ್ಗುತ್ತಿದೆ, ಆ ಹಿಗ್ಗನ್ನು ಹಿಂದಕ್ಕೆ ಸುತ್ತುತ್ತ ಹೋದರೆ ಎಲ್ಲವೂ ಒತ್ತೊತ್ತಾಗಿ ಕೂಡಿದ್ದ ಒಂದು ಗಳಿಗೆ ಸಿಗುತ್ತದೆ ಎಂದು ಖಗೋಳ ವಿಜ್ಞಾನಿಗಳು ಹೇಳತೊಡಗಿದ್ದ ಕಾಲ ಅದು. ಪೋಪರಿಗೆ ಅದು ಶುಭವಾರ್ತೆಯಾಗಿ ಕೇಳಿಸಿತು. ಬೆಳಕಾಗಲಿ ಎಂದು ದೇವರು ಅಪ್ಪಣೆ ಕೊಟ್ಟ ಕ್ಷಣಕ್ಕೆ ವಿಜ್ಞಾನವೇ ಸಾಕ್ಷಿ ಹೇಳುತ್ತಿದೆ ಎಂಬ ಅರ್ಥದಲ್ಲಿ ಮಾತಾಡಿದರು.

ಆ ಸಿದ್ಧಾಂತಕ್ಕೆ ಬುನಾದಿ ಹಾಕಿದವರು ಜಾರ್ಜ್ ಲಮೈತ್ರ್. ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 1923ರಲ್ಲಿ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿಯೂ ಹೌದು. ಹಿಗ್ಗುವ ವಿಶ್ವದ ಗಣಿತವನ್ನು 1927ರಲ್ಲೂ ‘ಆದಿಮ ಪರಮಾಣು’ವಿನ ಕಲ್ಪನೆಯನ್ನು 1931ರಲ್ಲೂ ಮಂಡಿಸಿದ್ದರು. ತಮ್ಮ ಧರ್ಮದ ಪರಮಗುರುವೇ ತಮ್ಮ ಸಿದ್ಧಾಂತವನ್ನು ಧರ್ಮದ ಪರವಾಗಿ ಸಾಕ್ಷಿಕಟ್ಟೆ ಹತ್ತಿಸಿದಾಗ ಅವರಿಗೆ ಖುಷಿಯಾಗಬೇಕಿತ್ತು. ಅವರು ಕಸಿವಿಸಿಗೊಂಡರು. ವ್ಯಾಟಿಕನ್ ವೀಕ್ಷಣಾಲಯದ ಡೇನಿಯಲ್ ಓಕಾನೆಲ್ ಅವರ ಜೊತೆಗೂಡಿ ತಮ್ಮ ಆತಂಕವನ್ನು ಪೋಪರಿಗೆ ಮುಟ್ಟಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧಿವೇಶನ ರೋಮಿನಲ್ಲೇ ನಡೆಯಿತು. ಪೋಪರು ಅಲ್ಲಿಗೆ ಬಂದವರನ್ನು ಉದ್ದೇಶಿಸಿ ಮಾತಾಡಿದರು. ಸೃಷ್ಟಿಗೆ ಸಾಕ್ಷಿ ಸಿಕ್ಕಿತೆಂಬ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಅದೇ ಅಧಿವೇಶನದಲ್ಲಿ ವಾಲ್ಟರ್ ಬಾಡೆ ಎಂಬ ಖಗೋಳ ವಿಜ್ಞಾನಿ ಎದ್ದು ನಿಂತು ಒಂದು ತಪ್ಪನ್ನು ತೋರಿಸಿದರು. ಗೆಲಾಕ್ಸಿಗಳ ದೂರ ಅಳೆಯಲು ಬಳಸುತ್ತಿದ್ದ ಮಿಣುಕು ನಕ್ಷತ್ರಗಳಲ್ಲಿ ಎರಡು ಜಾತಿಗಳಿವೆ, ನಾವು ಎರಡನ್ನೂ ಒಂದೇ ಎಂದುಕೊಂಡು ಅಳೆದಿದ್ದೇವೆ, ದೂರಗಳೆಲ್ಲ ಹೆಚ್ಚುಕಡಿಮೆ ಇಮ್ಮಡಿಯಾಗಬೇಕು ಎಂದರು. ದೂರ ಇಮ್ಮಡಿಯಾದರೆ ವಿಶ್ವದ ವಯಸ್ಸೂ ಇಮ್ಮಡಿ. ಖಗೋಳ ವಿಜ್ಞಾನಿ ಹಬಲ್ ಅವರ ಅಳತೆಯಿಂದ ಹೊರಡುತ್ತಿದ್ದ ವಯಸ್ಸು ಸುಮಾರು 200 ಕೋಟಿ ವರ್ಷ. ಅದು ದುಪ್ಪಟ್ಟಾಯಿತು, ಮುಂದೆಯೂ ಬೆಳೆಯಿತು. ಇವತ್ತಿನ ಲೆಕ್ಕ ಸುಮಾರು 1380 ಕೋಟಿ ವರ್ಷ. ದೇವರನ್ನು ಆ ಹಳೆಯ ಸಂಖ್ಯೆಗೆ ಕಟ್ಟಿಹಾಕಿದ್ದರೆ ಆಗುತ್ತಿದ್ದುದೇನು ಎಂಬುದು ಲಮೈತ್ರ್ ಅವರಿಗೆ ಮೊದಲೇ ಹೊಳೆದಿತ್ತು.

ಇದು ರೋಮಿನ ಕತೆ. ನಮ್ಮ ಮನೆಗಳ ಕತೆಯೂ ಇದೇ ಆಗಿದೆ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನ ಹೇಳುವ ಭೂಮಿಯ ವಯಸ್ಸು 454 ಕೋಟಿ ವರ್ಷ, ನೋಡಿ, ಋಷಿಗಳಿಗೆ ಎಲ್ಲ ಗೊತ್ತಿತ್ತು ಎಂಬ ಸಂದೇಶ ವರ್ಷಕ್ಕೆ ನಾಲ್ಕು ಸಲವಾದರೂ ನನ್ನ ವಾಟ್ಸ್ಆ್ಯಪ್‌ಗೆ ಬರುತ್ತದೆ. ಕಳಿಸುವವರು ನನಗೆ ಬೇಕಾದವರೇ. ಆದರೆ ಅವರು ಪೂಜೆಗೆ ಕೂತಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನೇ ಕಿವಿಗೊಟ್ಟು ಕೇಳಿಲ್ಲ. ಅಲ್ಲಿ ಈಗ ನಡೆಯುತ್ತಿರುವುದು ಶ್ವೇತವರಾಹ ಕಲ್ಪ, ಅದರಲ್ಲಿ ಏಳನೆಯದಾದ ವೈವಸ್ವತ ಮನ್ವಂತರ, ಅದರಲ್ಲಿ 28ನೆಯ ಕಲಿಯುಗ ಎಂಬ ಪೂರ್ತಿ ವಿಳಾಸವಿದೆ. ಸಂಧಿಕಾಲಗಳನ್ನೂ ಸೇರಿಸಿ ಕೂಡಿದರೆ ಈ ಕಲ್ಪ ಶುರುವಾಗಿ 197 ಕೋಟಿ 29 ಲಕ್ಷ ಚಿಲ್ಲರೆ ವರ್ಷವಾಯಿತು. 432 ಕೋಟಿ ಎಂಬುದು ಇಡೀ ಹಗಲಿನ ಉದ್ದ, ಕಳೆದುಹೋದ ಹೊತ್ತಲ್ಲ. ಹೊಂದಿಸಲೇಬೇಕೆಂದರೆ 454ರ ಪಕ್ಕ ಇಡಬೇಕಾದದ್ದು 197ನ್ನು. ಹೊಂದುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ, ಇದನ್ನು ಲೆಕ್ಕ ಹಾಕಿ ನೋಡಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. 1930ರ ದಶಕದಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದ್ದರೆ, ಹಬಲ್ ಲೆಕ್ಕದ ಸುಮಾರು 200 ಕೋಟಿಯ ಪಕ್ಕದಲ್ಲಿ ಸಂಕಲ್ಪದ 197 ಕೋಟಿ ಅಚ್ಚುಕಟ್ಟಾಗಿ ಕೂರುತ್ತಿತ್ತು. ಇದಕ್ಕಿಂತ ದೊಡ್ಡ ಪುರಾವೆ ಬೇಕೇ ಎಂದು ಯಾರಿಗಾದರೂ ಅನ್ನಿಸುವಷ್ಟು. ಆಮೇಲೆ ಬಾಡೆ ಎದ್ದು ನಿಲ್ಲುತ್ತಿದ್ದರು.

ಹೀಗೆ ಹೊಂದಿಸುವುದರಿಂದ ಭೌತವಿಜ್ಞಾನಕ್ಕೆ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ನಮ್ಮ ಹಳೆಯ ಚಿಂತನೆಗೆ. ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತದಲ್ಲಿ ಏಳೇ ಋಕ್ಕುಗಳು. ದೇವತೆಗಳೂ ಸೃಷ್ಟಿಯ ಈಚೆಗೆ ಬಂದವರು, ಹಾಗಾದರೆ ಇದು ಎಲ್ಲಿಂದ ಬಂತೆಂದು ಯಾರು ಬಲ್ಲರು ಎಂದು ಕೇಳುತ್ತ, ಎಲ್ಲಕ್ಕಿಂತ ಮೇಲಿನ ಆಕಾಶದಲ್ಲಿ ಕುಳಿತು ನೋಡುವವನಿಗಾದರೂ ಗೊತ್ತಿದೆಯೋ ಇಲ್ಲವೋ ಎಂಬ ಶಂಕೆಯಲ್ಲಿ ಅದು ನಿಲ್ಲುತ್ತದೆ. ದೇವರ ಅರಿವಿನ ಬಗ್ಗೆಯೇ ಹೀಗೆ ಅನುಮಾನಿಸುವ ಧೈರ್ಯ ಇದ್ದ ಕವಿಯನ್ನು ನಾವು ಮಹಾಸ್ಫೋಟದ ಮುನ್ಸೂಚನೆ ಕೊಟ್ಟವನೆಂದು ಸನ್ಮಾನಿಸಿ ಕೂರಿಸಿದರೆ, ಅವನ ಪ್ರಶ್ನೆಯ ಬಾಯಿಗೆ ಶಾಲು ಹೊದಿಸಿದಂತಾಗುತ್ತದೆ.

ಈ ವಿಷಯ ಬರೆಯಲು ಕೂತದ್ದಕ್ಕೆ ಕಾರಣ ನಮ್ಮ ಬಂಧುಗಳ ಮನೆಯ ಹುಡುಗಿ. ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. “ದೊಡ್ಡಪ್ಪ, ಬಿಗ್ ಬ್ಯಾಂಗ್ ನಿಜ ಆದ್ರೆ ದೇವರಮನೆ ಯಾಕೆ ಬೇಕು?” ಎಂದು ಕೇಳಿದಳು. ಅವಳ ದನಿಯಲ್ಲಿ ಉಡಾಫೆ ಇರಲಿಲ್ಲ, ಭಯವಿತ್ತು. ಎರಡರಲ್ಲಿ ಒಂದನ್ನು ಬಿಡಬೇಕಾದೀತು ಎಂಬ ಭಯ. ಪೋಪರು ಮತ್ತು ವಾಟ್ಸ್ಆ್ಯಪ್ ಸಂದೇಶದವರು ಒಪ್ಪಿಕೊಂಡದ್ದನ್ನೇ ಅವಳೂ ಒಪ್ಪಿಕೊಂಡಿದ್ದಳು: ವಿಶ್ವ ಯಾವಾಗ ಶುರುವಾಯಿತು ಎಂಬುದೇ ದೇವರ ಪ್ರಶ್ನೆ ಎಂದು. ನನಗೆ ತೋರುವ ಮಟ್ಟಿಗೆ ತಪ್ಪು ಇರುವುದು ಅಲ್ಲಿಯೇ.

ಕನ್ನಡದ ‘ಮೊದಲು’ ಎಂಬ ಮಾತನ್ನು ಸ್ವಲ್ಪ ನಿಂತು ನೋಡಿ. ಮಳೆಗೆ ಮೊದಲು ಬಿತ್ತಿದೆವು ಎಂದರೆ ಅದು ಕಾಲದ ಮಾತು. ಬಡ್ಡಿಯ ಆಸೆಗೆ ಹೋಗಿ ಮೊದಲಿಗೇ ಮೋಸ ಬಂತು ಎಂದರೆ ಅಲ್ಲಿ ಮೊದಲು ಎಂಬುದು ಅಸಲು, ಯಾವುದರ ಮೇಲೆ ಮಿಕ್ಕದ್ದೆಲ್ಲ ನಿಂತಿದೆಯೋ ಅದು. ಹಳಗನ್ನಡದಲ್ಲಿ ಮರದ ಮೊದಲ್ ಎಂದರೆ ಮರದ ಬುಡ. ಬುಡ ಮರಕ್ಕಿಂತ ಹಿಂದೆ ಹುಟ್ಟಿ ತೀರಿಹೋದದ್ದಲ್ಲ. ಮರ ಇರುವಷ್ಟು ಹೊತ್ತೂ ಅದನ್ನು ಹಿಡಿದು ನಿಲ್ಲಿಸಿರುವುದು. ಹೀಗೆ ಒಂದೇ ಪದದಲ್ಲಿ ನಮ್ಮವರು ಎರಡು ಪ್ರಶ್ನೆ ಇಟ್ಟಿದ್ದಾರೆ. ಇದು ಯಾವಾಗಿನಿಂದ ಇದೆ? ಇದು ಯಾವುದರ ಮೇಲೆ ನಿಂತಿದೆ?

ಮನೆ ಕಟ್ಟಿದ ಗಾರೆಯವನು ತೀರಿಕೊಂಡ ಮೇಲೂ ಮನೆ ನಿಂತಿರುತ್ತದೆ. ಕೊಳಲಿನ ನಾದಕ್ಕೂ ಉಸಿರಿಗೂ ಇರುವ ಸಂಬಂಧ ಬೇರೆ. ಉಸಿರು ನಿಂತರೆ ನಾದ ಉಳಿಯುವುದಿಲ್ಲ. ಆದಿಯೇ ಇಲ್ಲದ ಕಾಲದಿಂದ ಒಬ್ಬ ಕೊಳಲೂದುತ್ತಲೇ ಇದ್ದಾನೆ ಎಂದುಕೊಳ್ಳಿ. ಆ ನಾದಕ್ಕೆ ಆರಂಭವಿಲ್ಲ, ಆದರೂ ಅದು ಪ್ರತಿ ಗಳಿಗೆಯೂ ಅವನ ಉಸಿರಿಗೆ ಅಧೀನ. ಆರಂಭ ಬೇರೆ, ಅಧೀನತೆ ಬೇರೆ.

13ನೇ ಶತಮಾನದಲ್ಲಿ ಇದನ್ನು ಇಬ್ಬರು ಮಹಾ ಆಸ್ತಿಕರು ಹೇಳಿದರು. ಒಬ್ಬರ ಹೆಸರು ಇನ್ನೊಬ್ಬರ ಕಿವಿಗೆ ಬಿದ್ದಿರಲಾರದು. ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದ ಥಾಮಸ್ ಅಕ್ವಿನಾಸ್ ಒಬ್ಬರು. ಜಗತ್ತು ಅನಾದಿ ಎಂದ ಅರಿಸ್ಟಾಟಲನ ಮಾತು ಆಗ ಅಲ್ಲಿ ಬೆಂಕಿ ಹಚ್ಚಿತ್ತು. 1270ರಲ್ಲಿ ಪ್ಯಾರಿಸ್ಸಿನ ಬಿಷಪ್ ಅದನ್ನೂ ಒಳಗೊಂಡು 13 ಮಾತುಗಳನ್ನು ನಿಷೇಧಿಸಿದರು. ಆ ಹೊತ್ತಿನಲ್ಲೇ ಅಕ್ವಿನಾಸ್, ಜಗತ್ತಿಗೆ ಆರಂಭವುಂಟೆಂದು ನಾನು ನಂಬುತ್ತೇನೆ, ಶಾಸ್ತ್ರ ಹೇಳಿದೆ ಎಂಬ ಕಾರಣಕ್ಕೆ; ತರ್ಕದಿಂದ ಅದನ್ನು ಸಾಧಿಸಲು ಬರುವುದಿಲ್ಲ ಎಂದು ವಾದಿಸಿದರು. ಜಗತ್ತು ಅನಾದಿಯಾಗಿದ್ದರೂ ಅದು ದೇವರಿಂದಲೇ ಇರುವಂಥದು ಎನ್ನಲು ಅಡ್ಡಿಯಿಲ್ಲ ಎಂಬುದು ಅವರ ನಿಲುವು. ಜಾಳು ಯುಕ್ತಿಗಳಿಂದ ಸೃಷ್ಟಿಯನ್ನು ಸಾಧಿಸಲು ಹೊರಟರೆ, ಇವರು ನಂಬುವುದು ಇಂಥ ಕಾರಣಗಳಿಗಾಗಿಯೇ ಎಂದು ನಂಬದವರು ನಕ್ಕಾರು ಎಂದೂ ಎಚ್ಚರಿಸಿದರು. ಲಮೈತ್ರ್ ಓದಿ ಬೆಳೆದದ್ದು ಈ ಪರಂಪರೆಯನ್ನೇ.

ಇನ್ನೊಬ್ಬರು ನಮ್ಮ ಉಡುಪಿಯ ಮಧ್ವಾಚಾರ್ಯರು. ತತ್ತ್ವಗಳೆಲ್ಲ ಎರಡೇ ಬಗೆ, ಸ್ವತಂತ್ರ ಮತ್ತು ಅಸ್ವತಂತ್ರ ಎಂಬ ವಿಂಗಡಣೆಯಿಂದಲೇ ಅವರ ತತ್ತ್ವಸಂಖ್ಯಾನ ತೊಡಗುತ್ತದೆ. ವಿಷ್ಣುವೊಬ್ಬನೇ ಸ್ವತಂತ್ರ. ಜೀವರಿಗೆ ಹುಟ್ಟಿಲ್ಲ, ಜಡಪ್ರಕೃತಿಗೂ ಮೂಲರೂಪದಲ್ಲಿ ಹುಟ್ಟಿಲ್ಲ. ಆದರೆ ಇವೆಲ್ಲ ಅನಾದಿಯಿಂದಲೂ ಅವನ ಅಧೀನ. ಹಾಗಾದರೆ ಹುಟ್ಟೇ ಇಲ್ಲದ್ದನ್ನು ದೇವರು ಸೃಷ್ಟಿಸಿದ ಎಂದರೆ ಏನರ್ಥ? ಮಧ್ವರ ಉತ್ತರ ‘ಪರಾಧೀನ ವಿಶೇಷಾಪ್ತಿ’: ಇರುವ ವಸ್ತು ಇನ್ನೊಬ್ಬನ ಅಧೀನದಲ್ಲಿ ಒಂದು ಹೊಸ ವಿಶೇಷವನ್ನು ಪಡೆಯುವುದು. ಜೀವನಿಗೆ ದೇಹ ಬರುವುದೂ ಸೃಷ್ಟಿಯೇ, ಪ್ರಕೃತಿ ಕದಲಿ ಬೇರೆ ರೂಪ ತಾಳುವುದೂ ಸೃಷ್ಟಿಯೇ. ಸೃಷ್ಟಿ ಎಂಬ ಪದದಿಂದ ಇಸವಿಯನ್ನು ಕಿತ್ತುಹಾಕಿ ಸಂಬಂಧವನ್ನು ಉಳಿಸಿಕೊಂಡ ಈ ಲಕ್ಷಣವನ್ನು ನಾನು ಮೊದಲ ಸಲ ಓದಿದಾಗ ಆದ ಬೆರಗು ಇನ್ನೂ ಹೋಗಿಲ್ಲ. ಇದನ್ನು ಮಠದ ಪಾಠಶಾಲೆಯೊಳಗೆ ಮಾತ್ರ ಬಿಟ್ಟದ್ದು ಕನ್ನಡಿಗರಾದ ನಮಗೆ ಆದ ನಷ್ಟ.

ಆರಂಭದ ಪ್ರಶ್ನೆಯನ್ನು ಹಾಗೆ ಸಲೀಸಾಗಿ ಬದಿಗಿಡಲು ಬಾರದು ಎಂದವರೂ ಇದ್ದಾರೆ. ಇಸ್ಲಾಮಿನ ಚಿಂತಕ ಅಲ್ ಗಜಾಲಿ 1095ರಲ್ಲಿ ಬರೆದ ಗ್ರಂಥದಲ್ಲಿ ದಾರ್ಶನಿಕರ ಇಪ್ಪತ್ತು ಮಾತುಗಳನ್ನು ಖಂಡಿಸಿ, ಅದರಲ್ಲಿ ಮೂರನ್ನು ಧರ್ಮದ್ರೋಹವೆಂದೇ ಕರೆದರು. ಜಗತ್ತು ಅನಾದಿ ಎಂಬುದು ಆ ಮೂರರಲ್ಲಿ ಒಂದು. ಸೂರ್ಯನಿಂದ ಬೆಳಕು ಬಂದಂತೆ ದೇವರಿಂದ ಜಗತ್ತು ಸದಾ ತಂತಾನೇ ಒಸರುತ್ತಿದ್ದರೆ ಅವನ ಇಚ್ಛೆಗೆ ಜಾಗವೆಲ್ಲಿ, ಕೊಡದೆ ಇರಲಾರದವನನ್ನು ದಾನಿ ಎನ್ನಬಹುದೇ ಎಂಬುದು ಗಜಾಲಿಯ ಸಂಕಟ. ಕಾರ್ಡೋಬಾದ ಇಬ್ನ್ ರುಶ್ದ್ ಮುಂದಿನ ಶತಮಾನದಲ್ಲಿ ಇದಕ್ಕೆ ದೊಡ್ಡ ಉತ್ತರ ಬರೆದರು. ಗಜಾಲಿಯ ಪ್ರಶ್ನೆ ತೂಕದ್ದು. ಆದರೆ ಅದೂ ಕೊನೆಗೆ ಇಚ್ಛೆಯ ಪ್ರಶ್ನೆ, ಪಂಚಾಂಗದ್ದಲ್ಲ. ಮಧ್ವರ ದೇವರು ಇಚ್ಛೆಯಿಂದಲೇ ಎಲ್ಲ ನಡೆಸುತ್ತಾನೆ, ಅದಕ್ಕೆ ಮೊದಲ ದಿನವೊಂದು ಬೇಕಾಗಲಿಲ್ಲ.

ಇಲ್ಲಿಯವರೆಗೆ ಆಧಾರವೊಂದು ಇದ್ದೇ ಇದೆ ಎಂಬವರ ಮಾತಾಯಿತು. ಅದನ್ನೇ ಒಪ್ಪದವರ ಮಾತು ಕೇಳಲು ಕಲಬುರಗಿ ಜಿಲ್ಲೆಯ ಮಳಖೇಡಕ್ಕೆ ಹೋಗಬೇಕು. 9ನೇ ಶತಮಾನದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜೈನ ಮುನಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಮಹಾಪುರಾಣ ಬರೆಯತೊಡಗಿದರು. ಅದರ ಆದಿಪುರಾಣ ಭಾಗವೇ 941ರಲ್ಲಿ ಪಂಪ ಕನ್ನಡದಲ್ಲಿ ಬರೆದ ಆದಿಪುರಾಣಕ್ಕೆ ಆಕರ. ಸಂಸ್ಕೃತ ಆದಿಪುರಾಣದ ನಾಲ್ಕನೆಯ ಪರ್ವದಲ್ಲಿ ಜಿನಸೇನರು ಸೃಷ್ಟಿಕರ್ತನೆಂಬ ಕಲ್ಪನೆಯನ್ನು ಒಂದೊಂದಾಗಿ ಬಿಚ್ಚುತ್ತಾರೆ. ಲೋಕವೇ ಇಲ್ಲದಾಗ ಮಾಡುವವನು ಎಲ್ಲಿ ನಿಂತು ಮಾಡಿದ? ಸಾಮಗ್ರಿ ಎಲ್ಲಿಂದ ತಂದ? ಸಾಮಗ್ರಿಯನ್ನೂ ಅವನೇ ಮಾಡಿದನೆಂದರೆ ಅದಕ್ಕೆ ಸಾಮಗ್ರಿ ಯಾವುದು? ಅದು ತಾನಾಗಿಯೇ ಇತ್ತೆಂದರೆ ಲೋಕವೂ ತಾನಾಗಿಯೇ ಇದೆ ಎನ್ನಲು ಏನಡ್ಡಿ? ಅವನು ಪರಿಪೂರ್ಣನಾಗಿದ್ದರೆ ಮಾಡಬೇಕೆಂಬ ಆಸೆ ಯಾಕೆ ಹುಟ್ಟಿತು? ಅಪೂರ್ಣನಾಗಿದ್ದರೆ ಕುಂಬಾರನಿಗಿಂತ ಹೆಚ್ಚಿನವನು ಹೇಗಾದ? ಆಟಕ್ಕೆ ಮಾಡಿದನೆಂದರೆ ಅದು ಮಕ್ಕಳ ಕೆಲಸ. ಕರುಣೆಯಿಂದ ಮಾಡಿದನೆಂದರೆ ಲೋಕದಲ್ಲಿ ಇಷ್ಟು ದುಃಖ ಯಾಕೆ? ಜೀವರ ಕರ್ಮಕ್ಕೆ ತಕ್ಕಂತೆ ಮಾಡಿದನೆಂದರೆ ಕರ್ಮವೇ ಸಾಕಲ್ಲ, ನಡುವೆ ಅವನೇಕೆ? ಲೋಕವನ್ನು ಯಾರೂ ಮಾಡಲಿಲ್ಲ, ಅದು ಅಕೃತ್ರಿಮ, ಆದಿ ಅಂತ್ಯಗಳಿಲ್ಲದ್ದು ಎಂಬುದು ಅವರ ತೀರ್ಮಾನ. ಕಾರ್ಲ್ ಸೇಗನ್ ತಮ್ಮ ‘ಕಾಸ್ಮೋಸ್’ ಪುಸ್ತಕದಲ್ಲಿ ಈ ಭಾಗವನ್ನು ಎತ್ತಿಕೊಟ್ಟಿದ್ದರಿಂದ ದೂರದ ಓದುಗರಿಗೂ ಜಿನಸೇನರು ಪರಿಚಿತರಾದರು. ಮಳಖೇಡದ ಕೋಟೆ ನೋಡಲು ಹೋಗುವ ನಮ್ಮ ಎಷ್ಟು ಮಂದಿಗೆ ಇದು ಗೊತ್ತು?

ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇಂಥದೇ ಆಕ್ಷೇಪಗಳನ್ನು ಎದುರಿಸುತ್ತಾರೆ. ಸೃಷ್ಟಿಯಿಂದ ಈಶ್ವರನಿಗೆ ಪ್ರಯೋಜನವಿಲ್ಲ, ಅದು ಉಸಿರಾಟದಷ್ಟು ಸಹಜವಾದ ಲೀಲೆ. ಲೋಕದಲ್ಲಿನ ತಾರತಮ್ಯಕ್ಕೆ ಕಾರಣ ಜೀವರ ಕರ್ಮ, ಆ ಕರ್ಮದ ಸರಪಳಿಗೆ ಆದಿಯಿಲ್ಲ ಎನ್ನುತ್ತಾರೆ. ಇಲ್ಲೂ ‘ಮೊದಲ ದಿನ’ ಕೈಬಿಟ್ಟುಹೋಗಿದೆ. ವೇದದ ಒಂದು ಅಕ್ಷರವನ್ನೂ ಬಿಟ್ಟುಕೊಡದ ಮೀಮಾಂಸಕ ಕುಮಾರಿಲ ಭಟ್ಟರಂತೂ ಇನ್ನೂ ಮುಂದೆ ಹೋಗಿ, ಸೃಷ್ಟಿಯೂ ಇಲ್ಲ, ಮಹಾಪ್ರಳಯವೂ ಇಲ್ಲ, ಸೃಷ್ಟಿಕರ್ತನೂ ಇಲ್ಲ, ಲೋಕ ಹೀಗೇ ನಡೆದುಬಂದಿದೆ ಎಂದರು. ಲೋಕ ಅನಾದಿಯೋ ಅಲ್ಲವೋ ಎಂಬ ಪ್ರಶ್ನೆಗೆ ಬುದ್ಧ ಉತ್ತರ ಕೊಡಲೇ ಇಲ್ಲ. ವಿಷದ ಬಾಣ ನೆಟ್ಟವನು ಮೊದಲು ಬಾಣ ಕೀಳಿಸಿಕೊಳ್ಳಲಿ ಎಂದ. ವೇದ ಓದಿದವರೆಲ್ಲ ಸೃಷ್ಟಿಕರ್ತನನ್ನು ಒಪ್ಪಿದರು, ಒಪ್ಪದವರೆಲ್ಲ ಧರ್ಮದ ಹೊರಗಿನವರು ಎಂಬ ಸರಳ ಚಿತ್ರ ಈ ನೆಲಕ್ಕೆ ಎಂದೂ ಹೊಂದಿದ್ದಿಲ್ಲ.

ಸೃಷ್ಟಿಕರ್ತನ ಪರವಾಗಿ ನಮ್ಮಲ್ಲಿ ಅತಿ ಗಟ್ಟಿಯಾಗಿ ವಾದಿಸಿದವರು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು. ಉದಯನಾಚಾರ್ಯರ ನ್ಯಾಯಕುಸುಮಾಂಜಲಿ ಪೂರ್ತಿ ಇದಕ್ಕೇ ಮೀಸಲು. ಮಡಕೆ ಒಂದು ಕಾರ್ಯ, ಅದಕ್ಕೆ ಕುಂಬಾರನೆಂಬ ಕರ್ತನಿದ್ದಾನೆ. ಭೂಮಿಯೂ ಒಂದು ಕಾರ್ಯ, ಆದ್ದರಿಂದ ಅದಕ್ಕೂ ಬುದ್ಧಿಯುಳ್ಳ ಕರ್ತ ಬೇಕು ಎಂಬುದು ನ್ಯಾಯದ ಅನುಮಾನ, ಎಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕ. ಉದಯನರಿಗಿಂತ ಶತಮಾನಗಳ ಹಿಂದೆಯೇ ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದರ ಮುಂದೆ ಒಂದು ಹುತ್ತವನ್ನು ತಂದಿಟ್ಟಿದ್ದ. ಮಣ್ಣಿನಿಂದ ಆದದ್ದೆಲ್ಲ ಕುಂಬಾರನದೆನ್ನುವುದಾದರೆ ಹುತ್ತವನ್ನೂ ಕುಂಬಾರನೇ ಮಾಡಿರಬೇಕಾಗುತ್ತದಲ್ಲ! ಮಡಕೆ ಕಂಡಾಗ ಕುಂಬಾರನನ್ನು ಊಹಿಸುತ್ತೇವೆ, ಏಕೆಂದರೆ ಕುಂಬಾರರು ಮಡಕೆ ಮಾಡುವುದನ್ನು ಕಂಡಿದ್ದೇವೆ. ಲೋಕಗಳನ್ನು ಮಾಡುವುದನ್ನು ಯಾರೂ ಕಂಡಿಲ್ಲ. ನನ್ನ ಮಟ್ಟಿಗೆ ಈ ಹುತ್ತ ಇನ್ನೂ ಕರಗಿಲ್ಲ. ಕಾರ್ಯದಿಂದ ಕರ್ತನಿಗೆ ಹಾರುವ ವಾದ ಸೋತಿದೆ ಎಂದೇ ನಾನು ತಿಳಿದಿದ್ದೇನೆ. ಮಧ್ವರೂ ರಾಮಾನುಜರೂ ದೇವರನ್ನು ಅನುಮಾನದಿಂದ ಸಾಧಿಸಲಾಗದು, ಶಾಸ್ತ್ರದಿಂದಲೇ ತಿಳಿಯಬೇಕು ಎಂದದ್ದು ಸುಮ್ಮನೆ ಅಲ್ಲ.

ಇನ್ನು ವಿಜ್ಞಾನದ ಹೆಸರಿನಲ್ಲಿ ಎದುರು ದಿಕ್ಕಿನಿಂದ ಆಗುವ ತಪ್ಪು. ಫ್ರೆಡ್ ಹಾಯ್ಲ್, ಬಾಂಡಿ, ಗೋಲ್ಡ್ 1948ರಲ್ಲಿ ಆರಂಭವೇ ಇಲ್ಲದ ಸ್ಥಿರಸ್ಥಿತಿ ವಿಶ್ವವನ್ನು ಮಂಡಿಸಿದರು; ನಮ್ಮ ಜಯಂತ ನಾರ್ಳೀಕರರು ಮುಂದೆ ಹಾಯ್ಲ್ ಜೊತೆ ದುಡಿದರು. ಬಿಗ್ ಬ್ಯಾಂಗ್ ಎಂಬ ಹೆಸರು 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಹಾಯ್ಲ್ ಬಾಯಿಂದಲೇ ಬಂತು. ಆರಂಭವನ್ನು ಒಪ್ಪಿದರೆ ಚರ್ಚಿನ ಸೃಷ್ಟಿ ಹಿಂಬಾಗಿಲಿನಿಂದ ಒಳಬರುತ್ತದೆ ಎಂಬ ಅಸಮಾಧಾನ ಹಾಯ್ಲ್ ಅವರಿಗಿತ್ತು. 1964ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಆಂಟೆನಾದಲ್ಲಿ ಕೇಳಿದ, ಎಲ್ಲ ದಿಕ್ಕಿನಿಂದಲೂ ಸಮನಾಗಿ ಬರುವ ಸಣ್ಣ ಸದ್ದು ಆ ವಿವಾದವನ್ನು ಬಹುಮಟ್ಟಿಗೆ ಮುಗಿಸಿತು. ಬಿಸಿಯಾಗಿ ಒತ್ತೊತ್ತಾಗಿದ್ದ ಹಳೆಯ ವಿಶ್ವದ ಉಳಿದ ಕಾವು ಅದು. ಆದರೆ ಸೋತದ್ದು ಭೌತವಿಜ್ಞಾನದ ಒಂದು ಸಿದ್ಧಾಂತ. ಅದರಿಂದ ಪಾದ್ರಿಗಳು ಗೆಲ್ಲಲಿಲ್ಲ. ಹಿಂದಕ್ಕೆ ಹೋಗುತ್ತ ಮೊದಲ ಸೆಕೆಂಡಿನ ಅತಿ ಸಣ್ಣ ಚೂರಿಗೆ ಬಂದಾಗ ನಮ್ಮಲ್ಲಿರುವ ಸಮೀಕರಣಗಳೇ ಕೈಚೆಲ್ಲುತ್ತವೆ. ಸೊನ್ನೆ ಗಳಿಗೆಯನ್ನು ಯಾವ ದೂರದರ್ಶಕವೂ ನೋಡಿಲ್ಲ. ಅದು ಆರಂಭವೋ, ಮತ್ತೊಂದು ಸ್ಥಿತಿಯಿಂದ ಬಂದ ತಿರುವೋ ಎಂಬುದು ಇವತ್ತಿಗೂ ತೆರೆದ ಪ್ರಶ್ನೆ.

2012ರಲ್ಲಿ ಲಾರೆನ್ಸ್ ಕ್ರೌಸ್ ಎಂಬ ಭೌತವಿಜ್ಞಾನಿ, ಏನೂ ಇಲ್ಲದುದರಿಂದ ವಿಶ್ವ ಹೇಗೆ ಹುಟ್ಟಿತೆಂದು ವಿವರಿಸುವ ಪುಸ್ತಕ ಬರೆದರು. ಭೌತವಿಜ್ಞಾನದ ದಾರ್ಶನಿಕ ಡೇವಿಡ್ ಆಲ್ಬರ್ಟ್ ಅದನ್ನು ಕಟುವಾಗಿ ವಿಮರ್ಶಿಸಿದರು. ಕಣಗಳಿಲ್ಲದ ಕ್ವಾಂಟಮ್ ಕ್ಷೇತ್ರ ಖಾಲಿಯಾಗಿ ಕಾಣಬಹುದು, ಆದರೆ ಕ್ಷೇತ್ರವಿದೆ, ಅದಕ್ಕೊಂದು ನಿಯಮವಿದೆ. ಅದು ‘ಏನೂ ಇಲ್ಲ’ ಎಂಬುದಲ್ಲ ಎಂದರು. ಈ ವಾದ ಓದುವಾಗ ನನಗೆ ಕನ್ನಡ ನೆರವಿಗೆ ಬಂತು. ನಮ್ಮಲ್ಲಿ ‘ಇಲ್ಲ’ ಎಂಬ ಮಾತೂ ಇದೆ, ‘ಬಯಲು’ ಎಂಬ ಮಾತೂ ಇದೆ. ಬಯಲಿನಲ್ಲಿ ಮನೆಯಿಲ್ಲ, ಮರವಿಲ್ಲ, ಆದರೆ ಬಯಲಿದೆ. ಭೂಮಿ ಆಕಾಶ ದಿಕ್ಕುಗಳು ಇಲ್ಲದಂದಿನ ಮಾತನ್ನು ಮತ್ತೆ ಮತ್ತೆ ಎತ್ತಿದ ಅಲ್ಲಮನಂಥವರು ಆರಿಸಿಕೊಂಡದ್ದು ಈ ಎರಡನೆಯ ಪದವನ್ನು. ಅಲ್ಲಮನ ಬಯಲೇ ಕ್ವಾಂಟಮ್ ಕ್ಷೇತ್ರ ಎಂದು ನಾನು ಖಂಡಿತ ಹೇಳುತ್ತಿಲ್ಲ. ಹಾಗೆಂದರೆ 432 ಕೋಟಿಯವರ ಸಾಲಿಗೆ ನಾನೂ ಸೇರುತ್ತೇನೆ. ಏನೂ ಇಲ್ಲದುದಕ್ಕೂ ಬಯಲಿಗೂ ಇರುವ ಅಂತರವನ್ನು ಗಮನಿಸದೆ ಈ ಚರ್ಚೆ ಮಾಡಲಾಗದು ಎಂದಷ್ಟೇ ನನ್ನ ಮಾತು.

ಹಾಗಾದರೆ ಎರಡನೆಯ ಪ್ರಶ್ನೆಗೆ, ಬುಡದ ಪ್ರಶ್ನೆಗೆ, ನನ್ನ ಉತ್ತರವೇನು? ಪ್ರತಿಯೊಬ್ಬರ ವಿವರಣೆಯೂ ಒಂದು ಕಡೆ ನಿಲ್ಲುತ್ತದೆ. ಜಿನಸೇನರು ಲೋಕದಲ್ಲಿ ನಿಲ್ಲುತ್ತಾರೆ, ಮಧ್ವರು ವಿಷ್ಣುವಿನಲ್ಲಿ, ಭೌತವಿಜ್ಞಾನಿ ನಿಯಮಗಳಲ್ಲಿ. ದೇವರಿಗೆ ಆಧಾರ ಯಾವುದು ಎಂದು ಕೇಳುವವರು ನಿಯಮಗಳಿಗೆ ಆಧಾರ ಯಾವುದು ಎಂಬ ಪ್ರಶ್ನೆಗೂ ಸಿದ್ಧರಿರಬೇಕು, ಆಸ್ತಿಕರೂ ಅಷ್ಟೇ. ಲೋಕ ತನ್ನ ಕಾಲ ಮೇಲೆ ತಾನು ನಿಂತಿದೆ ಎಂಬ ಕಡೆಗೆ ನನ್ನ ಬುದ್ಧಿ ಹೆಚ್ಚು ವಾಲುತ್ತದೆ. ಹಾಗೆ ವಾಲಿದ ಮೇಲೂ ನನ್ನೊಳಗಿನ ಭಕ್ತಿ ಕಡಿಮೆಯಾಗಿಲ್ಲ, ಮತ್ತು ಶ್ರವಣಬೆಳಗೊಳದ ಬೆಟ್ಟ ಹತ್ತುವವರನ್ನು ನೋಡಿದಾಗ ಇದು ವಿಚಿತ್ರವೆಂದೂ ಅನ್ನಿಸುವುದಿಲ್ಲ. ಅವರ ಧರ್ಮದಲ್ಲಿ ಸೃಷ್ಟಿಕರ್ತನಿಲ್ಲ, ಕೈಮುಗಿಯುವುದಕ್ಕೆ ಅದು ಅಡ್ಡಬಂದೂ ಇಲ್ಲ.

ಹುಡುಗಿಗೆ ಇಷ್ಟೆಲ್ಲ ಹೇಳಲಿಲ್ಲ. ನಾಗರಪಂಚಮಿಗೆ ನಿಮ್ಮಜ್ಜಿ ತೋಟದ ಹುತ್ತಕ್ಕೆ ಹಾಲೆರೆಯುತ್ತಾರಲ್ಲ, ಅದನ್ನು ಕಟ್ಟಿದ್ದು ಯಾರು ಎಂದು ಕೇಳಿದೆ. “ಗೆದ್ದಲು” ಎಂದಳು. ಅದು ಅಜ್ಜಿಗೆ ಗೊತ್ತಿಲ್ವಾ ಎಂದೆ. “ಅಜ್ಜಿಗೆ ಗೊತ್ತಿಲ್ದೆ ಏನು, ನಂಗೆ ಹೇಳಿಕೊಟ್ಟಿದ್ದೇ ಅವರು” ಎಂದಳು. ಆಮೇಲೆ ಸ್ವಲ್ಪ ಹೊತ್ತು ಏನೋ ಯೋಚಿಸುತ್ತ ಕೂತಿದ್ದಳು.